ಕಾದಂಬರಿ ಬರೆಯಲು ಯಾವ ತಂತ್ರಾಂಶ? ಖರ್ಚಿಲ್ಲದ ದಾರಿಗಳಿವೆ, ಎಚ್ಚರವೂ ಬೇಕು

ಡೊಂಬಿವಲಿ ಪೂರ್ವದ ಕನ್ನಡ ಕುಟುಂಬವೊಂದರಲ್ಲಿ ಮನೆಗೆ ಬಣ್ಣ ಹೊಡೆಸಲೆಂದು ಕಪಾಟು ಖಾಲಿ ಮಾಡುವಾಗ ಹಳೆಯ ಸಿಡಿಯೊಂದು ಸಿಕ್ಕಿತು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಕಾದಂಬರಿ - ಪೂರ್ಣ’ ಎಂದು ಬರೆದಿತ್ತು. ಮನೆಯ ಹಿರಿಯರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಸಂಘಗಳ ಸ್ಮರಣ ಸಂಚಿಕೆಗಳಿಗೆ ಕತೆ ಬರೆಯುತ್ತಿದ್ದ ಅವರು ನಿವೃತ್ತಿಯ ನಂತರ ಕಂಪ್ಯೂಟರ್ ಕಲಿತು, ರಾತ್ರಿ ಊಟವಾದ ಮೇಲೆ ಏನೋ ಟೈಪು ಮಾಡುತ್ತಿದ್ದರೆಂಬುದು ಮನೆಯವರಿಗೆ ಗೊತ್ತಿತ್ತು. ಅದು ಪೂರ್ಣಗೊಂಡಿತ್ತೆಂಬುದು ಗೊತ್ತಿರಲಿಲ್ಲ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ನೆರೆಮನೆಯ ಹಳೆಯ ಯಂತ್ರದಲ್ಲಿ ಹಾಕಿ ತೆರೆದಾಗ ಕಂಡದ್ದು ಕನ್ನಡವಲ್ಲ. ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಹೀಗೆ ಪುಟಗಟ್ಟಲೆ. ಫೈಲು ಕೆಟ್ಟುಹೋಗಿದೆಯೆಂದು ಮಗ ನಿರ್ಧರಿಸಿದರು. ಮುದ್ರಣದ ಕೆಲಸ ಬಲ್ಲ ಥಾಣೆಯ ಪರಿಚಿತರೊಬ್ಬರು ಪರದೆ ನೋಡಿದ ಕೂಡಲೇ ನಕ್ಕು, ‘ಏನೂ ಕೆಟ್ಟಿಲ್ಲ, ಇದು ನುಡಿ. ಅಕ್ಷರಶೈಲಿ ಇಲ್ಲ ಅಷ್ಟೇ’ ಎಂದರು.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದ ಕನ್ನಡ ಸಂಘಗಳಲ್ಲಿ ಕತೆ, ಕಾದಂಬರಿ ಬರೆಯುವ ಹವ್ಯಾಸಿಗಳಿಗೆ ಕೊರತೆಯಿಲ್ಲ. ಹೆಚ್ಚಿನವರು ಉದ್ಯೋಗಸ್ಥರು, ಗೃಹಿಣಿಯರು, ನಿವೃತ್ತರು. ‘ಬರೆಯುವುದಕ್ಕೆ ಯಾವ ತಂತ್ರಾಂಶ ಒಳ್ಳೆಯದು, ಫುಕಟಾಗಿ ಸಿಗುವುದು ಯಾವುದು’ ಎಂಬ ಪ್ರಶ್ನೆ ಕಾರ್ಯಕ್ರಮದ ನಂತರದ ಚಹಾ ಸಮಯದಲ್ಲಿ ಆಗಾಗ ಕೇಳಿಬರುತ್ತದೆ. ಉತ್ತರವಾಗಿ ಹೆಸರುಗಳ ಪಟ್ಟಿ ಸಿಗುತ್ತದೆ. ಆದರೆ ಕನ್ನಡದಲ್ಲಿ ಬರೆಯುವವರು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ. ಇವತ್ತು ಬರೆದ ಪುಟ ಇಪ್ಪತ್ತು ವರ್ಷಗಳ ನಂತರ, ಬೇರೆಯವರ ಯಂತ್ರದಲ್ಲಿ, ತಮ್ಮ ಸಹಾಯವಿಲ್ಲದೆ ತೆರೆಯುತ್ತದೆಯೇ ಎಂಬುದನ್ನು.

ಸಿಡಿಯೊಳಗೆ ಆದದ್ದೇನು?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. 1990ರ ದಶಕದಲ್ಲಿ ಮತ್ತು 2000ದ ದಶಕದಲ್ಲೂ ಬಹುಪಾಲು ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂದು ಟೈಪು ಮಾಡಿದರೆ ಒಳಗೆ ದಾಖಲಾಗುತ್ತಿದ್ದದ್ದು ಏಳು ಪರದೇಶಿ ಚಿಹ್ನೆಗಳು. ಆ ಅಕ್ಷರಶೈಲಿ ಇರುವ ಯಂತ್ರದಲ್ಲಿ ಅದು ಕನ್ನಡವಾಗಿ ಕಾಣುತ್ತಿತ್ತು, ಇಲ್ಲದಲ್ಲಿ ಪೌಂಡು ಮತ್ತು ಗೀಟು. ಒಂದು ಕಂಪೆನಿಯ ಸಂಕೇತ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಪುಣೆಯ ಶ್ರೀಲಿಪಿಯದ್ದೇ ಬೇರೆ, ನುಡಿಯದ್ದೇ ಬೇರೆ.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಸುಲಭದಲ್ಲಿ ಅರ್ಥವಾಗುತ್ತದೆ. ಹಿಂದೆ ಖಾತೆ ಎಂದರೆ ಒಂದು ಶಾಖೆಯ ಲೆಡ್ಜರು. ಕಲ್ಯಾಣ್ ಶಾಖೆಯ ಪಾಸ್‌ಬುಕ್ ಹಿಡಿದು ಥಾಣೆಗೆ ಹೋದರೆ ಕೌಂಟರಿನವನು ಕೈಯಾಡಿಸುತ್ತಿದ್ದ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಖಾತೆ ಶಾಖೆಯದ್ದಾಗಿ ಉಳಿಯಲಿಲ್ಲ, ಇಡೀ ಬ್ಯಾಂಕಿನದ್ದಾಯಿತು. ಅಕ್ಷರಗಳ ಲೋಕದಲ್ಲಿ ಆ ಕೆಲಸ ಮಾಡಿದ್ದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಲಾಗಿತ್ತು. ಆದರೆ ಸಾಮಾನ್ಯರ ಯಂತ್ರಕ್ಕೆ ಅದು ತಲುಪಲು ಹತ್ತು ವರ್ಷ ಬೇಕಾಯಿತು. 2001ರ ವಿಂಡೋಸ್ ಎಕ್ಸ್‌ಪಿಯ ಜತೆ ‘ತುಂಗಾ’ ಎಂಬ ಕನ್ನಡ ಯೂನಿಕೋಡ್ ಅಕ್ಷರಶೈಲಿ ಬಂತು. ಡೊಂಬಿವಲಿಯ ಹಿರಿಯರು ಟೈಪು ಮಾಡುತ್ತಿದ್ದದ್ದು ಅದರ ನಂತರವೇ. ಆದರೂ ಅವರಿಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ, ಅಂಗಡಿಯವನು ಹಾಕಿಕೊಟ್ಟದ್ದನ್ನು ಬಳಸಿದರು.

ಈ ಇತಿಹಾಸದಲ್ಲಿ ಮುಂಬಯಿಯ ಪಾಲೂ ದೊಡ್ಡದು ಎಂಬುದನ್ನು ಇಲ್ಲಿಯ ಕನ್ನಡಿಗರು ನೆನಪಿಡಬೇಕು. ಇಂದು ಹೆಚ್ಚಿನ ಕನ್ನಡ ತಂತ್ರಾಂಶಗಳಲ್ಲಿರುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ಇದೇ ನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ತಾವು ಸಿದ್ಧಪಡಿಸಿದ ‘ಸೇಡಿಯಾಪು’ ತಂತ್ರಾಂಶವನ್ನು ಅವರು ಮಾರಲಿಲ್ಲ, ಹಂಚಿದರು. ಮುಂದೆ ‘ವರ್ಣಕ’ ಎಂಬ ಕಾದಂಬರಿಯನ್ನೂ ಬರೆದರು. ವಾಶಿ ಖಾಡಿಯ ಆಚೆ ದಡದಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ವೆಂಬ ಅಂತರಜಾಲ ಪತ್ರಿಕೆ ಆರಂಭಿಸಿದರು, ಕನ್ನಡದ ಮೊದಲ ಜಾಲತಾಣ ಅದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕರ್ನಾಟಕ ಸರಕಾರದ ಕಚೇರಿಗಳನ್ನು ಸೇರಿತು. ಕನ್ನಡ ತಂತ್ರಾಂಶಕ್ಕಾಗಿ ಗಟ್ಟಿಯಾಗಿ ದನಿಯೆತ್ತಿದ ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿ. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ವಿಷಯ ಬಿಡಲಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು.

ಕೀಲಿಮಣೆ ಮೊದಲು, ಉಳಿದದ್ದು ನಂತರ

ಬರೆಯುವ ತಂತ್ರಾಂಶ ಮತ್ತು ಟೈಪು ಮಾಡಿಸುವ ತಂತ್ರಾಂಶ ಎರಡೂ ಬೇರೆ ಬೇರೆ. ಇದನ್ನು ಬೆರೆಸಿಕೊಂಡು ಗೊಂದಲಕ್ಕೀಡಾಗುವವರೇ ಹೆಚ್ಚು. ಟೈಪು ಮಾಡಿಸುವುದಕ್ಕೆ ಇಂದು ಒಂದು ಪೈಸೆಯನ್ನೂ ಖರ್ಚು ಮಾಡಬೇಕಾಗಿಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಸೌಲಭ್ಯವಿದೆ, ಉಚಿತ. ‘ಪದ’ ಎಂಬ ಕನ್ನಡ ತಂತ್ರಾಂಶವೂ ಉಚಿತ. ‘ಬರಹ’ದ ಹಳೆಯ ಆವೃತ್ತಿಗಳು ಉಚಿತವಾಗಿದ್ದವು, ನಂತರದವುಗಳಿಗೆ ಶುಲ್ಕ ಬಂತು. ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಮೈಕ್ರೋಸಾಫ್ಟ್ ಕಂಪೆನಿಯೇ ಕನ್ನಡ ಫೊನೆಟಿಕ್ ಕೀಲಿಮಣೆಯನ್ನು ಒಳಗಿಟ್ಟು ಕೊಡುತ್ತಿದೆ. ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಸೇರಿಸಿದರೆ ಸಾಕು, ಏನೂ ಇಳಿಸಿಕೊಳ್ಳಬೇಕಿಲ್ಲ. ಲಿನಕ್ಸ್ ಬಳಸುವವರಿಗೂ ಗಣಕ ಪರಿಷತ್ತಿನ ವಿನ್ಯಾಸ ಸಿಗುತ್ತದೆ.

ಯಾವ ವಿನ್ಯಾಸ ಕಲಿಯಬೇಕು? ಇಂಗ್ಲಿಷ್ ಉಚ್ಚಾರದಂತೆ ಹೊಡೆಯುವ ‘ಬರಹ’ದ ಪದ್ಧತಿ ಒಂದೇ ದಿನದಲ್ಲಿ ಬರುತ್ತದೆ. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಏಳು ಕೀಲಿ, ಜತೆಗೆ ಒಮ್ಮೆ ಶಿಫ್ಟ್ ಒತ್ತಬೇಕು. ಕೆ.ಪಿ. ರಾವ್ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದೇ ಕೀಲಿ. ಎಫ್ ಎಂದರೆ ಒತ್ತು ಕೊಡುವ ಕೊಂಡಿ. ಕಲಿಯಲು ಎರಡು ವಾರ ಬೇಕು, ಮೊದಲ ವಾರ ಸಿಟ್ಟು ಬರುತ್ತದೆ. ಪತ್ರ ಬರೆಯುವವನಿಗೆ ಈ ಎರಡು ಕೀಲಿಯ ವ್ಯತ್ಯಾಸ ಏನೂ ಅಲ್ಲ. ಮುನ್ನೂರು ಪುಟ ಬರೆಯುವವನ ಬೆರಳಿಗೆ ಅದು ವ್ಯತ್ಯಾಸವೇ.

ಮೊಬೈಲಿನಲ್ಲಿ ಗೂಗಲ್‌ನ ಜಿಬೋರ್ಡ್ ಉಚಿತ. 2017ರಿಂದ ಕನ್ನಡದಲ್ಲಿ ಮಾತನಾಡಿದರೆ ಅದೇ ಬರೆದುಕೊಳ್ಳುವ ಸೌಲಭ್ಯವೂ ಇದೆ. ಕಣ್ಣು ಮಂದವಾದ ಹಿರಿಯರಿಗೆ ಇದು ವರದಾನ. ಪುಸ್ತಕದ ಭಾಷೆಯನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಕುಂದಾಪುರದ ಅಥವಾ ಧಾರವಾಡದ ಆಡುಮಾತಿನಲ್ಲಿ ಸಂಭಾಷಣೆ ಹೇಳಿದರೆ ಮಾತ್ರ ತನಗೆ ತೋಚಿದ್ದನ್ನು ಬರೆದಿಡುವುದುಂಟು. ಬೆಳಗ್ಗಿನ ಡೊಂಬಿವಲಿ ಫಾಸ್ಟ್‌ನಲ್ಲಿ ಇದನ್ನು ಪ್ರಯೋಗಿಸುವಂತಿಲ್ಲ. ಥಾಣೆ-ವಾಶಿ ಗಾಡಿಯಲ್ಲಿ ಕೂರಲು ಜಾಗ ಸಿಕ್ಕವರು ಬೆರಳಿನಲ್ಲೇ ಒಂದೆರಡು ಪ್ಯಾರಾ ಬರೆದುಕೊಳ್ಳಬಹುದು, ಬರೆಯುವವರು ಇದ್ದಾರೆ ಕೂಡ.

ಲಿಬ್ರೆ ಆಫೀಸ್‌ನಲ್ಲಿ ಕಾದಂಬರಿ

ಇನ್ನು ಬರೆದದ್ದನ್ನು ಜೋಡಿಸಿಡುವ ತಂತ್ರಾಂಶ. ಇಂಗ್ಲಿಷ್ ಕಾದಂಬರಿಕಾರರಲ್ಲಿ ಹೆಸರುವಾಸಿಯಾದದ್ದು ‘ಸ್ಕ್ರಿವನರ್’. ಬರೆಯುವ ಆಸೆಯಿದ್ದ ಕೀತ್ ಬ್ಲೌಂಟ್ ಎಂಬ ಇಂಗ್ಲೆಂಡಿನವರು ತಮಗೆ ಬೇಕಾದದ್ದು ಸಿಗದೆ ತಾವೇ ಅದನ್ನು ತಯಾರಿಸಿ 2007ರಲ್ಲಿ ಮಾರುಕಟ್ಟೆಗೆ ತಂದರು. ಬೆಲೆ ಅರುವತ್ತು ಡಾಲರಿನ ಆಸುಪಾಸು, ಅಂದರೆ ನಮ್ಮ ಐದು ಸಾವಿರ ರೂಪಾಯಿಗೂ ಮೇಲೆ. ಪರೀಕ್ಷೆಗೆಂದು ಮೂವತ್ತು ದಿನ ಉಚಿತವಾಗಿ ಕೊಡುತ್ತಾರೆ. ಬಳಸಿದ ದಿನವನ್ನು ಮಾತ್ರ ಲೆಕ್ಕ ಹಿಡಿಯುವುದು ಪ್ರಾಮಾಣಿಕ ಪದ್ಧತಿ. ಆಸ್ಟ್ರೇಲಿಯಾದ ಕಾದಂಬರಿಕಾರ ಸೈಮನ್ ಹೇನ್ಸ್ ರಚಿಸಿದ ‘ವೈರೈಟರ್’ ಉಚಿತವಾಗಿ ಸಿಗುತ್ತದೆ, ಅಧ್ಯಾಯ ಮತ್ತು ದೃಶ್ಯಗಳನ್ನು ಬೇರೆ ಬೇರೆ ಚೀಟಿಗಳಂತೆ ಇಟ್ಟುಕೊಳ್ಳಬಹುದು. ‘ಫೋಕಸ್‌ರೈಟರ್’ ಇಡೀ ಪರದೆಯನ್ನು ಖಾಲಿ ಹಾಳೆಯನ್ನಾಗಿ ಮಾಡುತ್ತದೆ, ಇದೂ ಉಚಿತ. ವಾಟ್ಸಾಪ್ ಕಡೆ ಮನಸ್ಸು ಓಡುವವರಿಗೆ ಒಳ್ಳೆಯದು.

ಇವುಗಳಲ್ಲಿ ದಿನಕ್ಕೆ ಇಷ್ಟು ಪದ ಎಂದು ಗುರಿ ಇಟ್ಟುಕೊಳ್ಳುವ ಸೌಲಭ್ಯವಿದೆ. ಕನ್ನಡದವರು ಅದನ್ನು ನಂಬಿ ಬೇಸರಪಟ್ಟುಕೊಳ್ಳಬಾರದು. ಇಂಗ್ಲಿಷಿನಲ್ಲಿ ಆರೇಳು ಪದವಾಗುವುದು ನಮ್ಮಲ್ಲಿ ‘ಹೋಗಬೇಕಾಗಿರಲಿಲ್ಲವೆಂದು’ ಎಂದು ಒಂದೇ ಪದವಾಗುತ್ತದೆ. ಯಂತ್ರ ಅದನ್ನು ಒಂದೇ ಎಂದು ಎಣಿಸುತ್ತದೆ. ಪುಟದ ಲೆಕ್ಕವೇ ನಮಗೆ ಸರಿ.

ಆದರೆ ಈ ಭಾಗದ ಬರಹಗಾರರಿಗೆ ಇವು ಯಾವುವೂ ಅನಿವಾರ್ಯವಲ್ಲ. ‘ಲಿಬ್ರೆ ಆಫೀಸ್’ ಎಂಬ ಉಚಿತ ತಂತ್ರಾಂಶದ ‘ರೈಟರ್’ ಸಾಕು. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಇದನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನೋಡಿಕೊಳ್ಳುತ್ತಿದೆ. ಹಾಕಿದ ಮೇಲೆ ಒಂದು ಕೆಲಸ ಮರೆಯಬಾರದು. ‘ಟೂಲ್ಸ್’ನ ‘ಆಪ್ಷನ್ಸ್’ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡವನ್ನು ಆರಿಸಬೇಕು. ಇದನ್ನು ಮಾಡದೆ, ಅಕ್ಷರದ ಗಾತ್ರ ಬದಲಾಗುವುದಿಲ್ಲವೆಂದು ಬೈದು ಬಿಟ್ಟವರಿದ್ದಾರೆ.

ಮುಂದಿನದು ಇನ್ನೂ ಉಪಯುಕ್ತ. ಪ್ರತಿ ಅಧ್ಯಾಯದ ಶೀರ್ಷಿಕೆಯನ್ನು ದಪ್ಪ ಮಾಡಿ ಬಿಡುವ ಬದಲು ‘ಹೆಡಿಂಗ್ 1’ ಎಂಬ ಶೈಲಿ ಕೊಟ್ಟರೆ, ಎಫ್5 ಕೀಲಿ ಒತ್ತಿದಾಗ ‘ನ್ಯಾವಿಗೇಟರ್’ನಲ್ಲಿ ಎಲ್ಲ ಅಧ್ಯಾಯಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಂಬತ್ತನೆಯ ಅಧ್ಯಾಯವನ್ನು ಎಳೆದು ನಾಲ್ಕನೆಯದರ ಮೇಲೆ ಬಿಟ್ಟರೆ ಅದರೊಳಗಿನ ಇಡೀ ಪಠ್ಯ ಅಲ್ಲಿಗೆ ಹೋಗಿ ಕೂರುತ್ತದೆ. ಸ್ಕ್ರಿವನರ್‌ಗೆ ದುಡ್ಡು ಕೊಡುವ ಹಲವರು ಕೊಡುವುದು ಬಹುಮಟ್ಟಿಗೆ ಇದಕ್ಕೇ. ಕೊನೆಯಲ್ಲಿ ಪಿಡಿಎಫ್ ಮಾಡಬಹುದು, 2018ರ 6.0 ಆವೃತ್ತಿಯಿಂದ ಇ-ಪುಸ್ತಕವನ್ನೂ. ಪದಪರೀಕ್ಷೆ ಮಾತ್ರ ಕನ್ನಡದಲ್ಲಿ ಇನ್ನೂ ದುರ್ಬಲ, ಪ್ರತ್ಯಯ ಸೇರಿದ ಅರ್ಧಕ್ಕರ್ಧ ಪದಗಳ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಆರಿಸಿಡುವುದೇ ಕ್ಷೇಮ.

ಥಾಣೆ ಜಿಲ್ಲೆಯ ಬರಹಗಾರರಿಗೆ ಯೂನಿಕೋಡ್‌ನ ಇನ್ನೊಂದು ಲಾಭವಿದೆ. ನಮ್ಮವರ ಕತೆಗಳಲ್ಲಿ ಭಾಜಿವಾಲಿ ಮರಾಠಿ ಮಾತನಾಡುತ್ತಾಳೆ, ಮೊಮ್ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ, ಅಜ್ಜಿ ತುಳುವಿನಲ್ಲಿ ಗೊಣಗುತ್ತಾಳೆ. ಹಳೆಯ ಪದ್ಧತಿಯಲ್ಲಿ ಭಾಷೆ ಬದಲಾದಾಗಲೆಲ್ಲ ಅಕ್ಷರಶೈಲಿ ಬದಲಾಯಿಸಬೇಕಿತ್ತು. ಈಗ ಒಂದೇ ಸಾಲಿನಲ್ಲಿ ಕನ್ನಡ, ದೇವನಾಗರಿ, ಇಂಗ್ಲಿಷ್ ತಂಟೆಯಿಲ್ಲದೆ ಇರುತ್ತವೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ದೊರೆತಿದೆ. ಅಕ್ಷರಶೈಲಿಗಳಿಗೂ ಹಣ ಬೇಡ. ನೋಟೊ, ಟಿರೊ ಕನ್ನಡ, ಮುಂಬಯಿಯದ್ದೇ ಆದ ಏಕ್ ಟೈಪ್ ಬಳಗದ ‘ಬಲೂ ತಮ್ಮ’ ಎಲ್ಲವೂ ಮುಕ್ತ ಪರವಾನಗಿಯವು. ಕೊನೆಯದು ಶೀರ್ಷಿಕೆಗೆ ಚೆಂದ, ಒಳಪುಟಕ್ಕೆ ಕಣ್ಣು ನೋಯಿಸುತ್ತದೆ.

ಮುದ್ರಣಾಲಯದ ಪ್ರಶ್ನೆ

‘ಎಲ್ಲ ಸರಿ, ಪ್ರೆಸ್ಸಿನವರು ನುಡಿಯಲ್ಲೇ ಕೊಡಿ ಎನ್ನುತ್ತಾರಲ್ಲ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಅನೇಕ ಕಡೆ ಪುಟವಿನ್ಯಾಸ ಪೇಜ್‌ಮೇಕರ್‌ನಲ್ಲಿ ನಡೆದು ಬಂದಿದೆ. 2001ರ ನಂತರ ಹೊಸ ಆವೃತ್ತಿ ಕಾಣದ ಆ ತಂತ್ರಾಂಶಕ್ಕೆ ಕನ್ನಡ ಯೂನಿಕೋಡ್ ತಿಳಿಯದು. ಇದಕ್ಕೆ ಉತ್ತರ, ಮೂಲಪ್ರತಿ ಯೂನಿಕೋಡ್‌ನಲ್ಲಿ ಇಟ್ಟುಕೊಂಡು ಪ್ರೆಸ್ಸಿಗೆ ಕೊಡುವ ದಿನ ಮಾತ್ರ ನುಡಿಗೆ ಪರಿವರ್ತಿಸಿ ಕೊಡುವುದು. ‘ಸಂಚಯ’ ತಂಡದ ಉಚಿತ ಪರಿವರ್ತಕ ಸೇರಿದಂತೆ ಸಾಧನಗಳು ಇವೆ. ಕರಡು ತಿದ್ದುವಾಗ ಪ್ರೆಸ್ಸಿನಲ್ಲಿ ಆದ ಬದಲಾವಣೆಗಳನ್ನು ತಮ್ಮ ಮೂಲಪ್ರತಿಯಲ್ಲೂ ಆಗಿಂದಾಗ್ಗೆ ಮಾಡಿಕೊಳ್ಳದಿದ್ದರೆ ಎರಡನೆಯ ಮುದ್ರಣದ ಹೊತ್ತಿಗೆ ಯಾವುದು ಸರಿಯಾದ ಪ್ರತಿ ಎಂಬುದೇ ತಿಳಿಯುವುದಿಲ್ಲ.

ನಾಮಿನಿ ಯಾರು?

ಗೂಗಲ್ ಡಾಕ್ಸ್ ಕೂಡ ಉಚಿತವೇ. ಮೊಬೈಲಿನಲ್ಲಿ ಬರೆದದ್ದು ಮನೆಯ ಕಂಪ್ಯೂಟರಿನಲ್ಲಿ ತಾನಾಗಿ ಕಾಣಿಸುವುದು ಅದರ ದೊಡ್ಡ ಅನುಕೂಲ. 15 ಜಿಬಿ ಜಾಗದಲ್ಲಿ ಎಷ್ಟು ಕಾದಂಬರಿಯಾದರೂ ಹಿಡಿಸುತ್ತದೆ. ಜಾಗ ತುಂಬುವುದು ಮದುವೆಯ ಫೋಟೋಗಳಿಂದ. ಆದರೆ ಒಂದು ನಿಯಮವನ್ನು ಹೆಚ್ಚಿನವರು ಓದಿಲ್ಲ. 2023ರ ಡಿಸೆಂಬರಿನಿಂದ, ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಗೂಗಲ್ ಖಾತೆಯನ್ನು ಅದರೊಳಗಿನ ದಾಖಲೆಗಳ ಸಮೇತ ಅಳಿಸುವ ಅಧಿಕಾರ ಆ ಕಂಪೆನಿಗಿದೆ. ಬರೆಯುತ್ತಿರುವವರಿಗೆ ಇದರಿಂದ ಬಾಧಕವಿಲ್ಲ. ಬರೆದವರು ಇಲ್ಲವಾದ ಮನೆಯಲ್ಲಿ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದಿದ್ದರೆ ಎರಡು ವರ್ಷ ಎನ್ನುವುದು ಬೇಗ ಕಳೆದುಹೋಗುತ್ತದೆ. ಸಿಡಿಯಾದರೂ ಕಪಾಟಿನಲ್ಲಿ ಕಾಯುತ್ತದೆ.

ಇದಕ್ಕೆ ‘ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಸೌಲಭ್ಯವನ್ನು ಗೂಗಲ್ಲೇ ಇಟ್ಟಿದೆ. ಹತ್ತು ಮಂದಿಯವರೆಗೆ ಹೆಸರಿಸಬಹುದು. ಬ್ಯಾಂಕ್ ಖಾತೆಗೆ ನಾಮಿನಿ ಮಾಡುವಂತೆಯೇ ಇದು. 2025ರ ನವೆಂಬರ್ 1ರಿಂದ ಬ್ಯಾಂಕಿನಲ್ಲೂ ನಾಲ್ವರನ್ನು ನಾಮಿನಿ ಮಾಡಬಹುದಾಗಿದೆ. ಠೇವಣಿಗೆ ನಾಮಿನಿ ಬರೆಯುವಾಗ ತೋರುವ ಆಸ್ಥೆಯನ್ನು ಹತ್ತು ವರ್ಷ ಶ್ರಮಪಟ್ಟ ಕಾದಂಬರಿಗೂ ತೋರಬೇಕು. ಜತೆಗೆ ವಾರಕ್ಕೊಮ್ಮೆ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ, ತಿಂಗಳಿಗೊಮ್ಮೆ ಒಂದನ್ನು ಬೇರೆ ಮನೆಯಲ್ಲಿರುವ ಮಗಳಿಗೋ ತಮ್ಮನಿಗೋ ಇಮೇಲ್ ಮೂಲಕ ಕಳುಹಿಸಬೇಕು. ಮುಗಿದ ಮೇಲೆ ಒಂದು ಪ್ರತಿ ಕಾಗದದ ಮೇಲೆ ಇರಲೇಬೇಕು. ಚಿತ್ತಾಲರ ‘ಶಿಕಾರಿ’ 1979ರಲ್ಲಿ ಪ್ರಕಟವಾಯಿತು. ಆ ಪ್ರತಿ ಯಾರ ಮನೆಯಲ್ಲಿದ್ದರೂ ಇಂದು ತೆರೆದು ಓದಬಹುದು, ಯಾವ ತಂತ್ರಾಂಶವೂ ಬೇಡ.

ವಿಂಡೋಸ್ 95ರ ಕಾಲದಿಂದ ಇದ್ದ ವರ್ಡ್‌ಪ್ಯಾಡನ್ನು 2024ರಲ್ಲಿ ಮೈಕ್ರೋಸಾಫ್ಟ್ ತೆಗೆದುಹಾಕಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರವನ್ನು ಭಂಗಾರಕ್ಕೆ ಹಾಕುವ ಮೊದಲು ಅದರೊಳಗೆ ಏನಿದೆಯೆಂದು ನೋಡುವುದು ಒಳ್ಳೆಯದು. ಡೊಂಬಿವಲಿಯ ಕರ್ನಾಟಕ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘದಂಥ ಸಂಸ್ಥೆಗಳು ವರ್ಷಕ್ಕೊಂದು ಭಾನುವಾರ, ಬಲ್ಲ ಯುವಕರನ್ನು ಕೂರಿಸಿ, ಸದಸ್ಯರ ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಿಕೊಡುವ ಏರ್ಪಾಡು ಮಾಡಿದರೆ ಸನ್ಮಾನ ಸಮಾರಂಭಕ್ಕಿಂತ ಕಡಿಮೆ ಖರ್ಚಾಗುತ್ತದೆ. ಹಳೆಯ ಸ್ಮರಣ ಸಂಚಿಕೆಗಳ ಕಡತಗಳೂ ಇದೇ ಸ್ಥಿತಿಯಲ್ಲಿರುವ ಸಂಭವವಿದೆ.

ಡೊಂಬಿವಲಿಯ ಸಿಡಿಯಲ್ಲಿದ್ದ ಕಾದಂಬರಿಗೆ ಇಪ್ಪತ್ತಮೂರು ಅಧ್ಯಾಯಗಳು. ಪರಿವರ್ತಕದಲ್ಲಿ ಹಾಕಿದಾಗ ಕನ್ನಡ ಬಹುಪಾಲು ಸರಿಯಾಗಿ ಬಂತು. ಇಂಗ್ಲಿಷ್ ಪದಗಳನ್ನೂ ಯಂತ್ರ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿಸಿತು. ಬೇರೆ ಅಕ್ಷರಶೈಲಿಯಲ್ಲಿದ್ದ ಮರಾಠಿ ಸಂಭಾಷಣೆಗಳಿಗೂ ಅದೇ ಗತಿ. ಅವನ್ನು ಊಹಿಸಿ ಹೊಸದಾಗಿ ಬರೆಯಬೇಕು. ಮರಾಠಿ ಮಾಧ್ಯಮದಲ್ಲಿ ಕಲಿತ ಸೊಸೆಗೆ ಕನ್ನಡ ಓದುವುದು ನಿಧಾನ, ಮರಾಠಿ ಮಾತ್ರ ನೀರು ಕುಡಿದಂತೆ. ಅತ್ತೆ ಮುದ್ರಿತ ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಾರೆ, ಕೆಟ್ಟ ಸಾಲು ಬಂದಾಗ ‘ಇಲ್ಲಿ ಅವರು ಹೀಗೆಯೇ ಹೇಳಿರಬೇಕು’ ಎನ್ನುತ್ತಾರೆ, ಸೊಸೆ ಟೈಪು ಮಾಡುತ್ತಾರೆ. ಹದಿನೇಳನೆಯ ಅಧ್ಯಾಯದವರೆಗೆ ಕೆಲಸ ಮುಗಿದಿದೆ. ಕೊನೆಯ ಅಧ್ಯಾಯವನ್ನು ಮಾತ್ರ ಹಿರಿಯರು ಯಾವುದೋ ಅಂಗಡಿಯಲ್ಲಿ ಟೈಪು ಮಾಡಿಸಿದಂತಿದೆ. ಅದು ನುಡಿಯಲ್ಲಿಲ್ಲ, ಶ್ರೀಲಿಪಿಯಲ್ಲಿದೆ. ಅದನ್ನು ತೆರೆಯುವವರಿಗಾಗಿ ಕುಟುಂಬ ಹುಡುಕುತ್ತಿದೆ.